ಮೊದಲು ನೀರು, ಆಮೇಲೆ ಮಣ್ಣು, ಕೊನೆಗೆ ರೈಲು: ಮನೆಯಲ್ಲಿ ಮಂಡ್ಯ ಸೀಮೆಯ ಮಾಡೆಲ್ ರೈಲು ದಾರಿ ಕಟ್ಟುವುದು

ಮಾಡೆಲ್ ರೈಲಿನ ಆಸೆ ಹತ್ತಿದವರು ಮೊದಲು ಇಂಜಿನ್ ಕೊಳ್ಳುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಒಂದು ಊರು ಆರಿಸಿಕೊಳ್ಳಿ. ಆಮೇಲೆ ಒಂದು ವರ್ಷ. ಆಮೇಲೆ ಒಂದು ತಿಂಗಳು. ಈ ಮೂರು ಗಟ್ಟಿಯಾದರೆ ಯಾವ ಹಸಿರು ಬಳಿಯಬೇಕು, ಗದ್ದೆಯಲ್ಲಿ ನೀರಿರಬೇಕಾ ಬೇಡವಾ, ಬೋಗಿ ಯಾವ ಬಣ್ಣದ್ದು, ಕರೆಂಟ್ ಕಂಬ ಬೇಕಾ ಅನ್ನೋ ಪ್ರಶ್ನೆಗಳಿಗೆಲ್ಲ ತಾನಾಗಿಯೇ ಉತ್ತರ ಸಿಗುತ್ತದೆ. ಗಟ್ಟಿಯಾಗದಿದ್ದರೆ ಎಷ್ಟು ದುಡ್ಡು ಸುರಿದರೂ ಅದು ಎಲ್ಲಿಯದೂ ಅಲ್ಲದ ಹಸಿರು ಹಲಗೆಯಾಗಿ ಉಳಿಯುತ್ತದೆ.

ನಾನು ಮಂಡ್ಯದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮಕ್ಕಳಿಗೂ ಇದನ್ನೇ ಹೇಳುತ್ತಿದ್ದೆ. ಸುಮ್ನೆ ಒಂದು ಮರ ಬರೆಯಬೇಡಿ, ಕಿಟಕಿಯಾಚೆ ನಿಂತಿರುವ ಆ ಹೊಂಗೆ ಮರ ಬರೆಯಿರಿ.

ನಾನು ಕಟ್ಟಿರುವುದು ಯಲಿಯೂರು, ಬ್ಯಾಡರಹಳ್ಳಿ ಕಡೆಯ ಗದ್ದೆ ಬಯಲು. ಮಂಡ್ಯ ದಾಟಿ ಮೈಸೂರಿನ ಕಡೆ ಹೊರಟರೆ ಪಾಂಡವಪುರಕ್ಕೆ ಮುಂಚೆ ಸಿಗುವ ಜಾಗ. ವರ್ಷ 2010, ತಿಂಗಳು ಆಗಸ್ಟ್ ಕೊನೆ. ಈ ಆಯ್ಕೆಗೆ ಕಾರಣ ಇದೆ. ಆಗ ಅಲ್ಲಿ ಒಂಟಿ ಹಳಿ ಇತ್ತು, ಮೇಲೆ ವಿದ್ಯುತ್ ತಂತಿ ಇರಲಿಲ್ಲ, ಡೀಸೆಲ್ ಇಂಜಿನ್ ನೀಲಿ ಬೋಗಿಗಳನ್ನು ಎಳೆಯುತ್ತಿತ್ತು. ಈಗ ಜೋಡಿ ಹಳಿ ಬಂದಿದೆ, 25 ಸಾವಿರ ವೋಲ್ಟಿನ ತಂತಿ ಬಂದಿದೆ. ಜೋಡಿ ಹಳಿಗೆ ಜಾಗ ಮಾಡಲು 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನಮನೆಯನ್ನೇ ಇಡಿಯಾಗಿ ಎತ್ತಿ ಬೇರೆ ಕಡೆ ಸರಿಸಿದರು. ನಿಮಗೆ ವಂದೇ ಭಾರತ್ ಓಡಿಸುವ ಆಸೆ ಇದ್ದರೆ ನಿಮ್ಮ ವರ್ಷ 2022ರ ನವೆಂಬರ್ ನಂತರದ್ದಾಗಿರಬೇಕು. ಆಗ ತಂತಿ, ಕಂಬ ಎಲ್ಲವನ್ನೂ ಮಾಡಲೇಬೇಕು. ಹೊಸಬರಿಗೆ ಆ ಕೆಲಸ ಜಾಸ್ತಿಯಾಗುತ್ತದೆ.

ಉಗಿಬಂಡಿ ಇಷ್ಟ ಅನ್ನುವವರು ಇನ್ನೂ ಹುಷಾರಾಗಿರಬೇಕು. ಈ ದಾರಿಗೆ ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರದ) ರೈಲು ಬಂದದ್ದು 1880ರ ದಶಕದ ಆರಂಭದಲ್ಲಿ. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಬಂದದ್ದು 1930ರ ದಶಕದಲ್ಲಿ. ಮಂಡ್ಯದ ಸಕ್ಕರೆ ಕಾರ್ಖಾನೆ 1933ರದ್ದು. ಅಂದರೆ ಮೊದಲ ಸುಮಾರು ಐವತ್ತು ವರ್ಷ ರೈಲು ಓಡಿದ್ದು ಹೆಚ್ಚಾಗಿ ರಾಗಿ ಬೆಳೆಯುವ ಬೆದ್ದಲು ಭೂಮಿಯ ನಡುವೆ. 1910ರ ಮಂಡ್ಯ ಮಾಡಿ ಎರಡೂ ಕಡೆ ಕಣ್ಣು ಹಾಯುವಷ್ಟು ಕಬ್ಬು ನೆಟ್ಟರೆ ಅದು ಸುಳ್ಳಾಗುತ್ತದೆ. ಇಂಥದ್ದು ನೋಡುವವರಿಗೆ ಗೊತ್ತಾಗದೇ ಇರಬಹುದು, ಆದರೆ ಕಟ್ಟುವವರಿಗೆ ಗೊತ್ತಿರಬೇಕು ಅನ್ನೋದು ನನ್ನ ಪಟ್ಟು.

ಅಳತೆಯ ಲೆಕ್ಕ

ನಮ್ಮ ಮನೆಗಳಿಗೆ ಎಚ್‌ಓ ಅಳತೆ ಸರಿ. ನಿಜವಾದದ್ದರ 87ನೇ ಒಂದು ಭಾಗ. ಜಾಗ ತೀರಾ ಕಡಿಮೆ ಇದ್ದರೆ ಎನ್ ಅಳತೆ, 160ನೇ ಒಂದು ಭಾಗ. ಆದರೆ ಅದರಲ್ಲಿ ನಾಟಿ ಮಾಡುವ ಹೆಂಗಸಿನ ಬಾಗಿದ ಬೆನ್ನು ತೋರಿಸಲು ಆಗುವುದಿಲ್ಲ. ನನಗೆ ಆ ಬೆನ್ನು ಬೇಕಿತ್ತು.

ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಇದು ಯುರೋಪಿನ 1435 ಮಿ.ಮೀ. ಹಳಿಯ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಹಾಗಾಗಿ ನ್ಯಾಯವಾಗಿ 19 ಮಿ.ಮೀ. ಮೇಲಿರಬೇಕಿತ್ತು. ಹಳಿಯನ್ನೂ ಚಕ್ರವನ್ನೂ ಕೈಯಾರೆ ಮಾಡಿಕೊಳ್ಳುವ ಛಲ ಇದ್ದರೆ ಸರಿ, ಇಲ್ಲದಿದ್ದರೆ 16.5 ಅನ್ನೇ ಒಪ್ಪಿಕೊಳ್ಳಿ. ಹಳಿಯ ಎರಡೂ ಬದಿ ಜಲ್ಲಿಯನ್ನು ಅಗಲವಾಗಿ ಹರಡಿದರೆ ಆ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಮೀಟರ್ ಗೇಜ್ ಮಾಡುವವರಿಗೆ ಈ ತಾಪತ್ರಯ ಕಡಿಮೆ. ಸ್ವಿಟ್ಜರ್ಲೆಂಡಿನಲ್ಲಿ ಮೀಟರ್ ಗೇಜ್ ರೈಲು ಇವತ್ತಿಗೂ ಓಡುವುದರಿಂದ ಅದರ ಮಾಡೆಲ್‌ಗೆಂದೇ 12 ಮಿ.ಮೀ. ಹಳಿ ಸಿಗುತ್ತದೆ.

ಹಳೇ ಮಾದರಿಯ ನೀಲಿ ಬೋಗಿ 21 ಮೀಟರಿಗೆ ಸ್ವಲ್ಪ ಜಾಸ್ತಿ ಉದ್ದ. ಎಚ್‌ಓದಲ್ಲಿ ಸುಮಾರು 24.5 ಸೆಂ.ಮೀ. ಹದಿನೆಂಟು ಬೋಗಿಯ ರೈಲು ಮಾಡಿದರೆ ನಾಲ್ಕು ಮೀಟರ್ ದಾಟುತ್ತದೆ. ಎಂಟು ಅಡಿ ಹಲಗೆಯ ಮೇಲೆ ಅದು ಆಗದ ಮಾತು. ಒಂದು ಇಂಜಿನ್, ಮೂರು ಬೋಗಿಯ ಪ್ಯಾಸೆಂಜರ್ ಇಡಿ. ಒಂದು ಮೀಟರಿನೊಳಗೆ ಮುಗಿಯುತ್ತದೆ, ಸುತ್ತ ಊರು ಕಾಣಲು ಜಾಗ ಉಳಿಯುತ್ತದೆ. ತಿರುವುಗಳನ್ನು 60 ಸೆಂ.ಮೀ. ತ್ರಿಜ್ಯಕ್ಕಿಂತ ಕಡಿಮೆ ಮಾಡಬೇಡಿ. ಉದ್ದ ಬೋಗಿ ಬಿಗಿ ತಿರುವಿನಲ್ಲಿ ಹೊರಕ್ಕೆ ಚಾಚಿಕೊಂಡು ಆಟಿಕೆಯಂತೆ ಕಾಣುತ್ತದೆ.

ಅಳತೆ ಕಣ್ಣಿಗೆ ಹತ್ತಬೇಕಾದರೆ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ. 1979ರಿಂದ ಇದೆ, ಮೈಸೂರು ಸ್ಟೇಷನ್ನಿನ ಹತ್ತಿರವೇ. ಇಂಜಿನ್ನಿನ ಪಕ್ಕ ನಿಂತು ಚಕ್ರ ನಿಮ್ಮ ಮೈಯ ಎಲ್ಲಿಯವರೆಗೆ ಬರುತ್ತದೆ ನೋಡಿ. ಬೋಗಿಯ ಕೆಳಭಾಗದ ಬಣ್ಣ ನೋಡಿ. ಮಹಾರಾಣಿಯ ಸಲೂನ್ ಎಲ್ಲರೂ ನೋಡುತ್ತಾರೆ, ನೀವು ಅದರ ಕೆಳಗಿನ ತುಕ್ಕು, ಎಣ್ಣೆ ಜಿಡ್ಡನ್ನೂ ನೋಡಿ.

ನೀರಿನಿಂದ ಶುರು

ಪೇಪರಿನ ಮೇಲೆ ನಕ್ಷೆ ಬರೆಯುವಾಗ ಮೊದಲ ಗೆರೆ ಹಳಿಯದ್ದಲ್ಲ, ನೀರಿನದ್ದು. ಇದನ್ನು ನನಗೆ ಹೇಳಿಕೊಟ್ಟವರು ಬ್ಯಾಡರಹಳ್ಳಿ ಕಡೆಯ ಒಬ್ಬ ರೈತರು. ಗದ್ದೆ ಹೇಗೆ ಹೇಗೆ ಭಾಗ ಮಾಡಿದ್ದೀರಿ ಅಂತ ಕೇಳಿದ್ದಕ್ಕೆ ಅವರು ಬದುವಿನ ಮೇಲೆ ನಿಂತು ಕೈ ತೋರಿಸಿ ಹೇಳಿದರು: "ಮೊದ್ಲು ನೀರು ಎಲ್ಲಿಂದ ಬತ್ತದೆ ನೋಡ್ಕಳಿ ಟೀಚರಮ್ಮ. ಗದ್ದೆ ಆಮೇಲೆ."

ವಿಶ್ವೇಶ್ವರಯ್ಯ ನಾಲೆಯಿಂದ ಉಪನಾಲೆ, ಅದರಿಂದ ಸಣ್ಣ ಕಾಲುವೆ, ಅಲ್ಲಿಂದ ಮೇಲಿನ ಗದ್ದೆ, ಅದರ ಬದುವಿನ ಕಂಡಿಯಿಂದ ಕೆಳಗಿನ ಗದ್ದೆ. ಪ್ರತಿ ಗದ್ದೆಯೂ ತನ್ನಷ್ಟಕ್ಕೆ ಮಟ್ಟವಾಗಿರುತ್ತದೆ, ಆದರೆ ಪಕ್ಕದ್ದಕ್ಕಿಂತ ಒಂದಿಷ್ಟು ಮೇಲೋ ಕೆಳಗೋ ಇರುತ್ತದೆ. ಹಾಗಾಗಿ ಬದುಗಳು ನೇರ ಗೆರೆಗಳಲ್ಲ. ಇಳಿಜಾರಿಗೆ ಅಡ್ಡವಾಗಿ ಬಾಗುತ್ತಾ ಹೋಗುತ್ತವೆ. ಚೌಕ ಚೌಕ ಗದ್ದೆ ಮಾಡಿದರೆ ನಮ್ಮ ಸೀಮೆಯವರು ಯಾರೂ ನಂಬುವುದಿಲ್ಲ.

ನೀರಿನ ದಾರಿ ಬರೆದ ಮೇಲೆ ಹಳಿ ಎಳೆಯಿರಿ. ಆಗ ಒಂದು ವಿಷಯ ಗೊತ್ತಾಗುತ್ತದೆ. ಗದ್ದೆ ಬಯಲಿನಲ್ಲಿ ರೈಲು ನೆಲದ ಮೇಲೆ ಓಡುವುದಿಲ್ಲ, ಏರಿಯ ಮೇಲೆ ಓಡುತ್ತದೆ. ಏರಿ ನೀರಿಗೆ ಅಡ್ಡ ಬರುವ ಕಡೆಯಲ್ಲೆಲ್ಲ ಕೆಳಗೆ ಮೋರಿ ಇರಲೇಬೇಕು. ಏರಿಗೆ ಮಣ್ಣು ತೆಗೆದ ಗುಂಡಿಗಳಲ್ಲಿ ಮಳೆಗಾಲದಲ್ಲಿ ನೀರು ನಿಂತು ಆಪು ಹುಲ್ಲು ಬೆಳೆದಿರುತ್ತದೆ. ಚಪ್ಪಟೆ ಪ್ಲೈವುಡ್ ಮೇಲೆ ನೇರ ಹಳಿ ಅಂಟಿಸಿದರೆ ಇದ್ಯಾವುದೂ ಬರುವುದಿಲ್ಲ. ಆದ್ದರಿಂದ ಹಲಗೆಯ ಮೇಲೆ 25 ಮಿ.ಮೀ. ದಪ್ಪದ ಥರ್ಮೋಕೋಲ್ ಅಥವಾ ಗಟ್ಟಿ ಫೋಮ್ ಹಲಗೆ ಹಾಸಿ. ಹಳಿ ಓಡುವ ಪಟ್ಟಿಯನ್ನು ಮಾತ್ರ ಪೂರ್ತಿ ಎತ್ತರಕ್ಕೆ ಬಿಟ್ಟು ಉಳಿದದ್ದನ್ನು ಹಂತ ಹಂತವಾಗಿ ಕೊರೆದು ತೆಗೆಯಿರಿ. ಅಂಟಿಸಲು ಬಿಳಿ ಫೆವಿಕಾಲ್ ಮಾತ್ರ. ಚಪ್ಪಲಿ, ರಬ್ಬರ್ ಅಂಟಿಸುವ ಗಮ್ ಅಥವಾ ಸ್ಪ್ರೇ ಪೇಂಟ್ ತಾಗಿದರೆ ಥರ್ಮೋಕೋಲ್ ಕರಗಿ ಹೋಗುತ್ತದೆ.

ಹಲಗೆಗೆ ಎಂಟಕ್ಕೆ ನಾಲ್ಕು ಅಡಿಯ 12 ಮಿ.ಮೀ. ಪ್ಲೈವುಡ್ ತಂದು ಉದ್ದಕ್ಕೆ ಸೀಳಿಸಿ. ಎಂಟಕ್ಕೆ ಎರಡು ಅಡಿಯ ಒಂದು ತುಂಡು ಗೋಡೆ ಪಕ್ಕಕ್ಕೆ ಸಾಕು. ಕೆಳಗೆ ಮರದ ಪಟ್ಟಿಯ ಚೌಕಟ್ಟು ಹೊಡೆಸದಿದ್ದರೆ ಒಂದು ಮಳೆಗಾಲದಲ್ಲಿ ಪ್ಲೈವುಡ್ ಬಾಗುತ್ತದೆ. ನಿಂತರೆ ಎದೆಮಟ್ಟಕ್ಕೆ ಬರುವಂತೆ ಎತ್ತರದಲ್ಲಿ ಇಡಿ. ಮೇಲಿಂದ ನೋಡಿದರೆ ನಕ್ಷೆ ನೋಡಿದ ಹಾಗಿರುತ್ತದೆ. ಎದೆಮಟ್ಟದಲ್ಲಿದ್ದರೆ ರೈಲ್ವೆ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತವರ ಕಣ್ಣಿಗೆ ಕಾಣುವ ಹಾಗೆ ಕಾಣುತ್ತದೆ.

ಹಳಿ ಕೂರಿಸುವುದು, ವೈರಿಂಗ್ ಬಗ್ಗೆ ಉದ್ದ ಹೇಳುವುದಿಲ್ಲ. 12 ವೋಲ್ಟ್ ಡಿಸಿ, ಒಳ್ಳೆ ಅಡಾಪ್ಟರ್, ಪ್ರತಿ ಹಳಿ ತುಂಡಿಗೂ ಕೆಳಗಿನಿಂದ ಬೆಸುಗೆ ಹಾಕಿದ ಕೆಂಪು ಮತ್ತು ಕಪ್ಪು ವೈರ್. ಜಲ್ಲಿ ಹಾಕುವ ಮೊದಲು ಇಡೀ ದಾರಿಯಲ್ಲಿ ಇಂಜಿನ್ ನಿಧಾನವಾಗಿ ಓಡಿಸಿ ಎಲ್ಲೂ ನಿಲ್ಲುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಹಳಿ ಕಿತ್ತರೆ ದೃಶ್ಯವೂ ಕಿತ್ತು ಬರುತ್ತದೆ.

ಜಲ್ಲಿ ಮತ್ತು ಮಣ್ಣು

ಹಳಿಗೆ ಹಾಕುವ ನಿಜವಾದ ಜಲ್ಲಿ 65 ಮಿ.ಮೀ.ವರೆಗಿನದ್ದು. 87ರಿಂದ ಭಾಗಿಸಿದರೆ ಮುಕ್ಕಾಲು ಮಿಲಿಮೀಟರ್. ಮನೆ ಕಟ್ಟುವ ಕಡೆ ಸಿಗುವ ಎಂ-ಸ್ಯಾಂಡ್ ಇದಕ್ಕೆ ಹೇಳಿ ಮಾಡಿಸಿದ್ದು, ಅದೂ ನಮ್ಮ ಗ್ರಾನೈಟ್ ಪುಡಿಯೇ ಅಲ್ವಾ. ರವೆ ಜರಡಿಯಲ್ಲಿ ಒಮ್ಮೆ ಜರಡಿ ಹಿಡಿದು ದಪ್ಪ ಕಾಳು ತೆಗೆಯಿರಿ. ಟೀ ಸೋಸುವ ಜಾಲರಿಯಲ್ಲಿ ಇನ್ನೊಮ್ಮೆ ಹಿಡಿದು ಧೂಳು ಕಳೆಯಿರಿ. ನಡುವೆ ಉಳಿದದ್ದನ್ನು ತೊಳೆದು ಒಣಗಿಸಿ. ಪೇಪರಿನ ಮೇಲೆ ಹರಡಿ ಒಂದು ಅಯಸ್ಕಾಂತ ಆಡಿಸುವುದನ್ನು ಮರೆಯಬೇಡಿ. ಕಬ್ಬಿಣದ ಕಣಗಳಿದ್ದರೆ ಅವು ಇಂಜಿನ್ನಿನ ಮೋಟಾರಿಗೆ ಅಂಟಿಕೊಂಡು ಅದನ್ನು ಹಾಳು ಮಾಡುತ್ತವೆ.

ಒಣ ಜಲ್ಲಿಯನ್ನು ಹಳಿಗಳ ನಡುವೆ ಸುರಿದು ಮೃದುವಾದ ಬ್ರಶ್‌ನಿಂದ ಸ್ಲೀಪರ್‌ಗಿಂತ (ಹಳಿಯ ಕೆಳಗಿನ ಅಡ್ಡ ಪಟ್ಟಿಗಿಂತ) ಸ್ವಲ್ಪ ಕೆಳಗೆ ಬರುವಂತೆ ಸರಿಮಾಡಿ. ಅವಸರ ಮಾಡಬೇಡಿ. ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮಂಜಿನ ಹಾಗೆ ಸಿಂಪಡಿಸಿ. ಆಮೇಲೆ ಫೆವಿಕಾಲ್ ಮತ್ತು ನೀರನ್ನು ಸಮಸಮ ಬೆರೆಸಿ ಡ್ರಾಪರಿನಲ್ಲಿ ತೊಟ್ಟು ತೊಟ್ಟಾಗಿ ಬಿಡಿ. ಲಿಕ್ವಿಡ್ ಹಾಕದಿದ್ದರೆ ಅಂಟು ಒಳಗೆ ಇಳಿಯದೆ ಮೇಲೆಯೇ ಗುಂಡಾಗಿ ನಿಲ್ಲುತ್ತದೆ. ಒಂದು ರಾತ್ರಿ ಒಣಗಲಿ. ಹಳಿಯ ಪಕ್ಕಗಳಿಗೆ ತುಕ್ಕಿನ ಕಂದು ಬಳಿಯಿರಿ, ಮೇಲ್ಭಾಗ ಮಾತ್ರ ಹೊಳೆಯಬೇಕು. ಈಗಿನ ಸ್ಲೀಪರ್ ಸಿಮೆಂಟಿನದು, ಅದಕ್ಕೆ ಕಂದು ಬೇಡ, ಬೂದು ಕೊಡಿ.

ಮಣ್ಣಿಗೆ ಬಣ್ಣ ಕೊಳ್ಳಬೇಡಿ. ಆ ಊರಿನ ಮಣ್ಣನ್ನೇ ಒಂದು ಡಬ್ಬಿಯಲ್ಲಿ ತನ್ನಿ. ಏರಿಗೆ ಕೆಮ್ಮಣ್ಣು, ಗದ್ದೆಗೆ ಗದ್ದೆಯ ಕಪ್ಪು ಮಣ್ಣು. ಹಳೇ ತವಾದ ಮೇಲೆ ಚೆನ್ನಾಗಿ ಹುರಿಯಿರಿ, ಹುಳುಹುಪ್ಪಟೆ, ಬೀಜ ಎಲ್ಲ ಸಾಯಲಿ. ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಇದಕ್ಕೂ ಅಯಸ್ಕಾಂತ ಆಡಿಸಿ. ಅಂಟು ತಾಗಿದ ಮೇಲೆ ಮಣ್ಣು ಒಂದು ಛಾಯೆ ಕಪ್ಪಾಗುತ್ತದೆ, ಅದಕ್ಕೆ ಮೊದಲೇ ಒಂದು ರಟ್ಟಿನ ಚೂರಿನ ಮೇಲೆ ಅಂಟಿಸಿ ನೋಡಿಕೊಳ್ಳಿ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ರಾಗಿ ಮೊಳಕೆ ಬರಿಸಿ ಪಾರ್ಕ್ ಮಾಡುತ್ತೇವಲ್ಲ, ಆ ಪದ್ಧತಿ ನನಗೆ ತುಂಬಾ ಇಷ್ಟ. ಹಲಗೆಯ ಮೇಲೆ ಊರು ಕಟ್ಟುವ ಆಸೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹುಟ್ಟುವುದೇ ಅಲ್ಲಿ. ಆದರೆ ಅದು ಒಂಬತ್ತು ದಿನದ ಹಬ್ಬಕ್ಕೆ ಸರಿ. ವರ್ಷಗಟ್ಟಲೆ ಉಳಿಯಬೇಕಾದ ಕೆಲಸಕ್ಕೆ ರಾಗಿ, ಸಾಸಿವೆ, ಕಾಫಿ ಪುಡಿ ಯಾವುದೂ ಬೇಡ. ಇರುವೆ ಬರುತ್ತವೆ, ಬೂಷ್ಟು ಹಿಡಿಯುತ್ತದೆ.

ಗದ್ದೆ

ಇಡೀ ಕೆಲಸದಲ್ಲಿ ನನಗೆ ಅತಿ ಪ್ರೀತಿಯದು ಇದು. ಆಗಸ್ಟ್ ಕೊನೆಯಲ್ಲಿ ನಮ್ಮ ಬಯಲಿನಲ್ಲಿ ಹಸಿರು ಒಂದೇ ಥರ ಇರುವುದಿಲ್ಲ. ಒಟ್ಲಿನ (ನಾಟಿಗೆ ಸಸಿ ಬೆಳೆಸುವ) ಪಾತಿ ಎಲ್ಲಕ್ಕಿಂತ ಎದ್ದು ಕಾಣುವ ಎಳೆ ಹಸಿರು. ನಿನ್ನೆ ಮೊನ್ನೆ ನಾಟಿಯಾದ ಗದ್ದೆಯಲ್ಲಿ ಪೈರು ಬೇರು ಹಿಡಿಯದೆ ಹಳದಿ ತಿರುಗಿರುತ್ತದೆ, ನೀರೇ ಜಾಸ್ತಿ ಕಾಣುತ್ತದೆ. ಎರಡು ಮೂರು ವಾರ ಕಳೆದದ್ದು ಗಾಢ ಹಸಿರು, ನೀರು ಬುಡದಲ್ಲಿ ಮಿಣಕ್ ಅನ್ನುತ್ತದೆ ಅಷ್ಟೆ. ಪಕ್ಕದಲ್ಲಿ ಇನ್ನೂ ಉಳುಮೆಯಾಗುತ್ತಿರುವ ಕೆಸರು. ಈ ನಾಲ್ಕನ್ನೂ ಅಕ್ಕಪಕ್ಕ ಇಡಿ.

ಬದುಗಳನ್ನು ಕಾಗದದ ಮುದ್ದೆಯಿಂದ ಅಥವಾ ಎಂ-ಸೀಲ್‌ನಿಂದ ಎರಡು ಮೂರು ಮಿಲಿಮೀಟರ್ ಎತ್ತರಕ್ಕೆ ಎಬ್ಬಿಸಿ. ತಳಕ್ಕೆ ಗದ್ದೆ ಮಣ್ಣು ಅಂಟಿಸಿ, ಒಣಗಿದ ಮೇಲೆ ನಡುವೆ ಗಾಢ ಕಂದು, ಅಂಚಿಗೆ ತಿಳಿ ಕಂದು ಬಳಿಯಿರಿ. ನೀರಿನ ಆಳ ಕಾಣಿಸುವುದು ಈ ಬಣ್ಣದಿಂದ. ನೀಲಿ ಬಳಿಯಬೇಡಿ. ಕೆಸರು ಗದ್ದೆಯ ನೀರಿಗೆ ತನ್ನದೇ ನೀಲಿ ಇರುವುದಿಲ್ಲ, ಅದು ಆಕಾಶವನ್ನು ತೋರಿಸುತ್ತದೆ. ಹೊಳಪಿನ ವಾರ್ನಿಷ್ ಸಾಕು, ನಿಮ್ಮ ಹಿಂದಿನ ಪರದೆಯ ಆಕಾಶ ಅದರಲ್ಲಿ ಕಾಣುತ್ತದೆ.

ಪೈರನ್ನು ನೀರಿಗಿಂತ ಮೊದಲು ನೆಡಬೇಕು. ಹಳೇ ಪೇಂಟ್ ಬ್ರಶ್ಶಿನ ನೈಲಾನ್ ಕೂದಲಿಗೆ ಬಣ್ಣ ಹಾಕಿ, ನಾಲ್ಕೈದು ಎಳೆ ಸೇರಿಸಿ, ಬುಡಕ್ಕೆ ಅಂಟು ತಾಗಿಸಿ ಚಿಮಟದಲ್ಲಿ ನೆಡಿ. ಹೊಸ ನಾಟಿಗೆ 3 ಮಿ.ಮೀ., ಬೆಳೆದದ್ದಕ್ಕೆ 6 ಮಿ.ಮೀ. ಎತ್ತರ. ನಿಜವಾದ ಗದ್ದೆಯಲ್ಲಿ ಗುಣಿಗೂ ಗುಣಿಗೂ ಸುಮಾರು ಒಂದು ಗೇಣು ಅಂತರ, ಇಲ್ಲಿ ಅದು ಎರಡು ಮಿ.ಮೀ. ಚಿಲ್ಲರೆ. ಕೈನಾಟಿಯಾದ್ದರಿಂದ ಸಾಲು ಅಲ್ಲಲ್ಲಿ ಸೊಟ್ಟಗಾಗಲಿ. ಅಂಗೈಯಗಲದ ಗದ್ದೆಗೆ ಒಂದು ಸಂಜೆ ಪೂರ್ತಿ ಹಿಡಿಯುತ್ತದೆ, ಕಣ್ಣಿಗೆ ಬೆಳಕು ಚೆನ್ನಾಗಿರಲಿ. ಎಲ್ಲ ಗದ್ದೆಯನ್ನೂ ಹೀಗೆ ಮಾಡಬೇಕಿಲ್ಲ. ಮುಂದಿನ ಎರಡು ಗದ್ದೆ ಹೀಗಿದ್ದರೆ ಹಿಂದಿನವುಗಳನ್ನು ಕಣ್ಣು ತಾನೇ ಒಪ್ಪಿಕೊಳ್ಳುತ್ತದೆ.

ಬೆಳೆದ ಗದ್ದೆಗೆ, ಏರಿಯ ಹುಲ್ಲಿಗೆ ನೈಲಾನ್ ಹುಲ್ಲಿನೆಳೆ ಬಳಸಬಹುದು. ಸ್ಥಾಯಿ ವಿದ್ಯುತ್ತಿನಿಂದ ಅವು ಅಂಟಿನ ಮೇಲೆ ನೆಟ್ಟಗೆ ನಿಲ್ಲುತ್ತವೆ. ಇದಕ್ಕೆ ಸೊಳ್ಳೆ ಬ್ಯಾಟ್ ಬಿಚ್ಚಿ ಯಂತ್ರ ಮಾಡಿಕೊಳ್ಳುವವರಿದ್ದಾರೆ. ಸ್ವಿಚ್ ಬಿಟ್ಟ ಮೇಲೂ ಅದರಲ್ಲಿ ಜೋರಾದ ಶಾಕ್ ಉಳಿದಿರುತ್ತದೆ, ಎಲೆಕ್ಟ್ರಾನಿಕ್ಸ್ ತಿಳಿಯದವರು ಕೈ ಹಾಕಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ತಯಾರಾದದ್ದನ್ನೇ ಕೊಳ್ಳಿ.

ನಾಲೆಗೆ, ಗುಂಡಿಗೆ ಆಳ ಬೇಕಾದ್ದರಿಂದ ಎಪಾಕ್ಸಿ ರಾಳ ಸುರಿಯಿರಿ. ಒಂದು ಸಲಕ್ಕೆ ಎರಡು ಮೂರು ಮಿ.ಮೀ. ಮಾತ್ರ, ಮಾರನೇ ದಿನ ಮುಂದಿನ ಪದರ. ಒಂದು ಸೂಜಿ ತೂತಿದ್ದರೂ ರಾಳ ಹುಡುಕಿಕೊಂಡು ಹೋಗಿ ನೆಲಕ್ಕೆ ಸುರಿಯುತ್ತದೆ. ತಳವನ್ನು ಎರಡು ಸಲ ಅಂಟು ಬಳಿದು ಮುಚ್ಚಿರಿ. ಆಗಸ್ಟಿನ ನಾಲೆಯ ನೀರು ಕೆಂಪು ಮಿಶ್ರಿತ ಕಂದು, ರಾಳಕ್ಕೆ ಒಂದು ಹನಿ ಕಂದು ಬಣ್ಣ ಬೆರೆಸಿ.

ಮರಗಳು

ಹೆಚ್ಚಿನವರ ಮಾಡೆಲ್‌ಗಳಲ್ಲಿ ಮರ ಚಿಕ್ಕದಾಗಿರುತ್ತದೆ. ಹದಿನೈದು ಮೀಟರಿನ ತೆಂಗಿನ ಮರ ಎಚ್‌ಓದಲ್ಲಿ 17 ಸೆಂ.ಮೀ. ಬರಬೇಕು. ಬೋಗಿಯ ಎತ್ತರಕ್ಕಿಂತ ಮೂರು ಪಟ್ಟಿಗೂ ಜಾಸ್ತಿ. ಧೈರ್ಯವಾಗಿ ಎತ್ತರ ಮಾಡಿ. ಕಬ್ಬು ಕೂಡ ಮೂರೂವರೆ ಸೆಂಟಿಮೀಟರ್ ನಿಲ್ಲಬೇಕು, ಮನುಷ್ಯ ಒಳಗೆ ಹೋದರೆ ಕಾಣಬಾರದು.

ತೆಂಗಿಗೆ ಕರೆಂಟ್ ವೈರಿನ ತಾಮ್ರದ ಎಳೆಗಳನ್ನು ಹೊಸೆದು ಕಾಂಡ ಮಾಡಿ, ಮೇಲೆ ಅಂಟು ಮತ್ತು ಮಣ್ಣು ಸವರಿ. ಬಣ್ಣ ಬೂದಿ, ಕಂದಲ್ಲ. ಕಾಲುವೆ ಬದಿಯ ಮರ ನೀರಿನ ಕಡೆ ಸ್ವಲ್ಪ ವಾಲಲಿ. ಗರಿಗೆ ತೆಳು ಕಾಗದದ ಐದಾರು ಸೆಂ.ಮೀ. ಉದ್ದದ ಎಲೆ ಕತ್ತರಿಸಿ, ನಡುವೆ ಸಣ್ಣ ತಂತಿ ಅಂಟಿಸಿ, ಎರಡೂ ಬದಿ ಕತ್ತರಿಯಲ್ಲಿ ಸಣ್ಣಗೆ ಸೀಳಿ. ಪ್ರತಿ ಮರದಲ್ಲೂ ಒಂದೆರಡು ಒಣಗಿದ ಗರಿ ಕಾಂಡಕ್ಕೆ ಜೋತುಬಿದ್ದಿರಲಿ.

ಹೊಂಗೆ, ಬೇವಿಗೆ ಒಣಗಿದ ತುಳಸಿ ಕಡ್ಡಿ ಬಹಳ ಚೆನ್ನ, ಕವಲು ಅಳತೆಗೆ ಸರಿಯಾಗಿರುತ್ತದೆ. ಎಲೆಗೆ ಹಳೇ ಫೋಮ್ ಅನ್ನು ನೀರು, ಬಣ್ಣ ಹಾಕಿ ಮಿಕ್ಸಿಯಲ್ಲಿ ಅರೆದು ಒಣಗಿಸಿ. ಅಡುಗೆಯ ಜಾರ್ ಬೇಡ, ಬೇರೆ ಇಡಿ. ಆಲದ ಮರದ ಬಿಳಲಿಗೆ ಗ್ರಂಥಿಗೆ ಅಂಗಡಿಯ ಲಾವಂಚದ ಬೇರು ತನ್ನಿ. ಅದಕ್ಕಿಂತ ಒಳ್ಳೆಯದನ್ನು ಯಾವ ಕಂಪನಿಯೂ ಮಾಡಲಾರದು. ಕೆಲಸದ ಕೋಣೆಗೆಲ್ಲ ಘಮ ಬೇರೆ.

ಹಸಿರನ್ನು ಟ್ಯೂಬಿನಿಂದ ನೇರ ಬಳಿಯುವುದು ನನಗೆ ಸಹಿಸಲಾಗದ ಅಭ್ಯಾಸ. ಯಾವ ಹಸಿರಿಗೂ ಮೊದಲು ಒಂದಿಷ್ಟು ಕಾವಿ ಹಳದಿ, ಒಂದು ಚಿಟಿಕೆ ಕೆಂಪು ಬೆರೆಸಿ. ಕಬ್ಬಿನ ಎಲೆಗೆ ನೀಲಿ ಛಾಯೆ, ಬುಡದಲ್ಲಿ ಒಣ ಸೋಗೆಯ ಹುಲ್ಲು ಬಣ್ಣ. ಇನ್ನೊಂದು ಮುಖ್ಯ ಮಾತು: ಯಾವ ದೀಪದಡಿ ತೋರಿಸುತ್ತೀರೋ ಅದೇ ದೀಪದಡಿ ಬಣ್ಣ ಬೆರೆಸಿ. ನೀಲಿ ಬಿಳುಪಿನ ಎಲ್‌ಇಡಿ ಕೆಮ್ಮಣ್ಣನ್ನು ಸಾಯಿಸುತ್ತದೆ. 4000 ಕೆಲ್ವಿನ್ ಎಂದು ಬರೆದ ದೀಪ ತನ್ನಿ.

ಹಿಂದಿನ ಪರದೆಗೆ ಮಳೆಗಾಲದ ಬೂದು ಆಕಾಶ, ಕೆಳಗೆ ದೂರದಲ್ಲಿ ಪಾಂಡವಪುರದ ಕುಂತಿಬೆಟ್ಟ. ಬೆಟ್ಟಕ್ಕೆ ಆಕಾಶದ ಬಣ್ಣವನ್ನೇ ಎರಡು ಛಾಯೆ ಗಾಢ ಮಾಡಿ ಬಳಿಯಿರಿ, ಬಂಡೆ ಬಿಡಿಸಲು ಹೋಗಬೇಡಿ. ಹಲಗೆಯ ಹಿಂದಿನ ಸಾಲಿನ ತೆಂಗುಗಳನ್ನು 10 ಸೆಂ.ಮೀ.ಗೆ ಇಳಿಸಿದರೆ ದೂರ ಹೆಚ್ಚುತ್ತದೆ. ರೈಲು ಮರೆಯಾಗುವ ಜಾಗದಲ್ಲಿ ಒಂದು ಬಾಳೆ ತೋಟವೋ ರಸ್ತೆ ಸೇತುವೆಯೋ ಇರಲಿ.

ಊರಿನ ಗುರುತುಗಳು

ಕಲ್ಲು ಕಂಬದ ಬೇಲಿ ಹಾಕಿ. ಸೀಳಿದ ಗ್ರಾನೈಟ್ ಕಂಬ ನೆಟ್ಟು ತಂತಿ ಎಳೆಯುವುದು ನಮ್ಮ ಹಳೇ ಮೈಸೂರು ಸೀಮೆಯ ಗುರುತು. ಬೂದು ರಟ್ಟನ್ನು ಎರಡು ಮಿ.ಮೀ. ಅಗಲಕ್ಕೆ ಸೀಳಿ ಅಂಚನ್ನು ಉಗುರಿನಿಂದ ಕೆರೆದರೆ ಆಯಿತು. ಸ್ಟೇಷನ್ ಬೋರ್ಡ್ ಹಳದಿ, ಅಕ್ಷರ ಕಪ್ಪು, ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರಲಿ. ಹೆಂಚಿನ ಮನೆಗೆ ಬಲ್ಬಿನ ಡಬ್ಬಿಯೊಳಗಿನ ಸಣ್ಣ ಸುಕ್ಕಿನ ಕಾಗದ ಸುಲಿದು ಪಟ್ಟಿ ಪಟ್ಟಿಯಾಗಿ ಒಂದರ ಮೇಲೊಂದು ಅಂಟಿಸಿ.

ಜಾಗ ಉಳಿದರೆ ಒಂದು ಆಲೆಮನೆ. ಗರಿ ಚಪ್ಪರ, ಹೊಗೆಯಿಂದ ಕಪ್ಪಾದ ಗೋಡೆ, ಕೊಪ್ಪರಿಗೆ, ಸುತ್ತ ಒಣಹಾಕಿದ ಕಬ್ಬಿನ ಸಿಪ್ಪೆಯ ತಿಳಿ ಹಳದಿ ಹಾಸು. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಚೆಲ್ಲಿದರೆ ಸಿಪ್ಪೆ ಸಿದ್ಧ. ಕೆಸರು ಗದ್ದೆಯ ಟಿಲ್ಲರ್ ಹಿಂದೆ ಬೆಳ್ಳಕ್ಕಿಗಳಿರಲಿ, ಒಂದೊಂದು ಐದಾರು ಮಿ.ಮೀ. ಎತ್ತರ. ನಾಟಿಯ ಹೆಂಗಸರನ್ನು ಒಂದೇ ಸಾಲಿನಲ್ಲಿ, ಎಲ್ಲರೂ ಒಂದೇ ಕಡೆ ಮುಖ ಮಾಡಿ, ಹಿಂದಕ್ಕೆ ಹೆಜ್ಜೆ ಇಡುವಂತೆ ನಿಲ್ಲಿಸಿ. ನೆಟ್ಟ ಪೈರು ಅವರ ಮುಂದೆ ಇರಬೇಕು, ಹಿಂದೆ ಅಲ್ಲ.

ಇಷ್ಟಾದ ಮೇಲೆ ರೈಲು. ಅದನ್ನೂ ಅಳತೆಯಲ್ಲೇ ಓಡಿಸಿ. ಗಂಟೆಗೆ 60 ಕಿ.ಮೀ. ವೇಗ ಎಚ್‌ಓದಲ್ಲಿ ಸೆಕೆಂಡಿಗೆ 19 ಸೆಂ.ಮೀ. ಅಷ್ಟೆ. ಎಂಟು ಅಡಿ ದಾಟಲು ಸುಮಾರು 13 ಸೆಕೆಂಡ್ ಬೇಕು. ಪ್ಲಾಟ್‌ಫಾರ್ಮಿಗೆ ಬರುವಾಗ ಗಂಟೆಗೆ 20 ಕಿ.ಮೀ. ಅಂದುಕೊಳ್ಳಿ, ಸೆಕೆಂಡಿಗೆ ಆರು ಸೆಂ.ಮೀ. ಹಲಗೆಯ ಅಂಚಿಗೆ ಸ್ಕೇಲ್ ಇಟ್ಟು, ಮೊಬೈಲಿನ ಗಡಿಯಾರ ಹಿಡಿದು, ವೇಗ ಹೆಚ್ಚುಕಮ್ಮಿ ಮಾಡುವ ಕಂಟ್ರೋಲರ್ ಗುಂಡಿಯ ಮೇಲೆ ಎರಡೂ ವೇಗಕ್ಕೆ ಗುರುತು ಹಾಕಿಕೊಳ್ಳಿ. ಅಷ್ಟು ನಿಧಾನಕ್ಕೆ ಇಂಜಿನ್ ಎಲ್ಲಾದರೂ ತಡವರಿಸಿದರೆ ಹೆಚ್ಚಾಗಿ ಅಲ್ಲಿ ಹಳಿ ಕೊಳೆಯಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ ಮತ್ತೆ ಓಡಿಸಿ.